ಬದುಕಿದ್ದವನಿಗೆ ಬಂದ ಪುಷ್ಪಚಕ್ರಗಳು

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕೂತಿರುವ ಸೊ ಮಲ್‌ಸುನ್ ಅಮ್ಮನವರಿಗೆ — ನಮ್ಮ ನಾಮ್ ಇನ್‌ಹೊ ಅವರನ್ನು ಹೆತ್ತ ತಾಯಿಗೆ — ತಲೆಬಾಗಿ ನಮಸ್ಕಾರ. ಅವರ ಪಕ್ಕದಲ್ಲಿರುವ ಬೇ ಜುನ್ಯೊಲ್ ಅವರಿಗೆ, ಹದಿನಾರು ವರ್ಷ ಇನ್‌ಹೊ ಅವರ ಜೊತೆ ಒಂದೇ ಮನೆಯಲ್ಲಿ ಬಾಳಿದವರಿಗೆ, ನಮಸ್ಕಾರ. ಜುನ್ಯೊಲ್ ಅಣ್ಣ ಬಂದಾಗ ಕೊನೇ ಸಾಲಿನ ಮೂಲೆಯಲ್ಲಿ ಹೋಗಿ ಕೂತಿದ್ದರು. 'ಕುಟುಂಬದವರು' ಅಂತ ಚೀಟಿ ಅಂಟಿಸಿದ ಕುರ್ಚಿಗೆ ಬರಲು ಅವರಿಗೆ ಧೈರ್ಯ ಬರಲಿಲ್ಲ. ಅಮ್ಮನೇ ಎದ್ದು ಹೋಗಿ, ತೋಳು ಹಿಡಿದು ಎಳೆದುಕೊಂಡು ಬಂದು ಇಲ್ಲಿ ಕೂರಿಸಿದರು. ನೀವೆಲ್ಲ ನೋಡಿದಿರಿ.

ನನ್ನ ಹೆಸರು ಮಿರಾನ್. ಹನ್ನೊಂದು ವರ್ಷ ಇನ್‌ಹೊ ಅಣ್ಣನ ಎದುರಿನ ಮೇಜಿನಲ್ಲಿ ಕೂತು ಕೆಲಸ ಮಾಡಿದವಳು. ಸಂಘಟಕರು ನನಗೊಂದು ಹಾಳೆ ಕೊಟ್ಟಿದ್ದಾರೆ — ಇದೋ, ಇದು. 'ಸೌಮ್ಯ ಸ್ವಭಾವ', 'ತುಂಬಲಾರದ ನಷ್ಟ', 'ಆತ್ಮಕ್ಕೆ ಶಾಂತಿ'. ಈ ಮೂರು ಮಾತಿನ ಕೆಳಗೆ ಗೆರೆ ಎಳೆದು, ಮೇಲೆ 'ಸ್ವಲ್ಪ ಮೆತ್ತಗೆ ಮಾತಾಡು ಮಾರಾಯ್ತಿ' ಅಂತಲೂ ಬರೆದಿದ್ದಾರೆ. ಇದನ್ನು ಹೀಗೆ ಮಡಿಸಿ ಜೇಬಿಗೆ ಇಟ್ಟುಕೊಳ್ಳುತ್ತೇನೆ. ಕ್ಷಮಿಸಿ.

ನನಗೆ ದುಃಖ ಇಲ್ಲವೆಂದಲ್ಲ. ಆದರೆ ದುಃಖಕ್ಕಿಂತ ಮೊದಲು ನನಗೆ ಹೇಸಿಗೆ ಆಗಿದೆ. ಹೇಸಿಗೆ — ಬೇರೆ ಮಾತು ನನ್ನ ಹತ್ತಿರ ಇಲ್ಲ. ಅಣ್ಣ ತೀರಿಕೊಂಡು ಇವತ್ತಿಗೆ ನಲವತ್ತೊಂಬತ್ತು ದಿನ, ನಮ್ಮಲ್ಲಿ ಸತ್ತವರನ್ನು ಬೀಳ್ಕೊಡುವ ದಿನ. ಅವತ್ತಿನಿಂದ ಬಿಳಿ ಸೇವಂತಿಗೆಯ ವಾಸನೆ ಬಂದರೆ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತೇನೆ. ಈ ಹೇಸಿಗೆಯಲ್ಲಿ ಒಂದು ಪಾಲು ನನ್ನ ಮೇಲೆಯೇ ಇದೆ. ಅದನ್ನೂ ಇವತ್ತು ಈ ಸಭೆಯ ಎದುರಿಗೆ, ಅಮ್ಮನ ಎದುರಿಗೆ ಹೇಳಿಬಿಡುತ್ತೇನೆ.

ನಮ್ಮ ಆಫೀಸು ನಿಮ್ಮಲ್ಲಿ ತುಂಬಾ ಜನರಿಗೆ ಗೊತ್ತು. ಮಾಂಗ್ವೊನ್ ಮಾರುಕಟ್ಟೆಯ ಹಿಂದಿನ ಗಲ್ಲಿ. ಕೆಳಗೆ ಹೊಂಗ್ ಯಜಮಾನರ ಲಾಂಡ್ರಿ, ಮೂರನೇ ಮಹಡಿಯಲ್ಲಿ ನಾವು. ಲಿಫ್ಟ್ ಇಲ್ಲ. ಗಂಡು ಗಂಡನ್ನು ಪ್ರೀತಿಸಿದ, ಹೆಣ್ಣು ಹೆಣ್ಣನ್ನು ಪ್ರೀತಿಸಿದಳು, ಗಂಡು ಅಂತ ಹೆಸರಿಡಿಸಿಕೊಂಡವರು ತಾನು ಹೆಣ್ಣು ಅಂದರು — ಇಷ್ಟಕ್ಕೇ ಹೊಡೆತ ತಿಂದವರು, ಕೆಲಸ ಕಳೆದುಕೊಂಡವರು, ಜೈಲು ಕಂಡವರು ನಮಗೆ ಬರೆಯುತ್ತಾರೆ. ಈ ದೇಶದಿಂದಲೂ ಬರೆಯುತ್ತಾರೆ, ಎಲ್ಲೆಲ್ಲಿಂದಲೋ ಬರೆಯುತ್ತಾರೆ. ಉತ್ತರ ಬರೆಯುವುದು, ಅರ್ಜಿ ಬರೆಯುವುದು, ಆಶ್ರಯ ಕೇಳಿ ಬಂದವರ ಜೊತೆ ಕಚೇರಿಗೆ ಹೋಗಿ ಕೂರುವುದು — ಇದು ಇನ್‌ಹೊ ಅಣ್ಣನ ಕೆಲಸ.

ಒಮ್ಮೆ ಕಂಪಾಲಾದಿಂದ ಓಡಿ ಬಂದ ಒಬ್ಬ ದರ್ಜಿಯ ವಿಚಾರಣೆ. ಮೇಜಿನ ಆಚೆ ಇದ್ದ ಅಧಿಕಾರಿ ಆ ದರ್ಜಿಯನ್ನು ಮೇಲಿಂದ ಕೆಳಗೆ ನೋಡಿ, "ಇವನು ಸಲಿಂಗಿ ಅನ್ನೋದಕ್ಕೆ ಏನ್ರೀ ಪುರಾವೆ? ನೋಡಿದ್ರೆ ಹಂಗೆ ಕಾಣಲ್ವಲ್ಲ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅಣ್ಣ ಮಾತ್ರ ಬಹಳ ವಿನಯದಿಂದ, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು — ಹೀಗೆ — ಹೇಳಿದರು: "ಸರ್, ನಿಮ್ಮ ಹೆಂಡತಿ ಮೇಲೆ ನಿಮಗೆ ಪ್ರೀತಿ ಇದೆ ಅನ್ನೋದಕ್ಕೆ ಒಂದು ಪುರಾವೆ ತೋರಿಸಿಬಿಡಿ. ಮಾದರಿ ಸಿಕ್ಕಿದ್ರೆ ನಾವೂ ಅದೇ ಥರ ತಂದು ಕೊಡ್ತೀವಿ." ಆ ಅಧಿಕಾರಿ ಐದು ನಿಮಿಷ ಫೈಲು ತಿರುವುತ್ತಾ ಕೂತ. ಮುಂದಿನ ಪ್ರಶ್ನೆ ಬೇರೆಯೇ ಆಗಿತ್ತು.

ಸೌಮ್ಯ ಸ್ವಭಾವ ಅಂತ ಬರೆದಿದ್ದೀರಲ್ಲ, ಅದು ಸರಿ. ಆದರೆ ಆ ಸೌಮ್ಯತೆಯೊಳಗೆ ಹಲ್ಲು ಇದ್ದವು.

ಈಗ ಪುಷ್ಪಚಕ್ರದ ವಿಷಯ. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ.

ಏಳು ವರ್ಷದ ಹಿಂದೆ ಅಣ್ಣ ಒಂದು ಸಮಿತಿಯ ಎದುರು, ಭೇದಭಾವ ತಡೆಯುವ ಕಾಯ್ದೆ ಬೇಕು ಅಂತ ಮಾತಾಡಿದರು. ಆ ಕಾಯ್ದೆ ಇವತ್ತಿಗೂ ಕಪಾಟಿನಲ್ಲೇ ಇದೆ, ಅದು ಬೇರೆ ಮಾತು. ಮಾತಾಡಿದ ಮರುದಿನ ಬೆಳಿಗ್ಗೆ ನಮ್ಮ ಮೆಟ್ಟಿಲ ಬುಡದಲ್ಲಿ ಒಂದು ಪುಷ್ಪಚಕ್ರ. ಸಾವಿನ ಮನೆಯಲ್ಲಿ ನಿಲ್ಲಿಸುತ್ತೇವಲ್ಲ, ಆಳೆತ್ತರದ್ದು, ಮೂರು ಅಂತಸ್ತಿನದ್ದು, ಪೂರ್ತಿ ಬಿಳಿ ಸೇವಂತಿಗೆ. ಎರಡು ಕಡೆ ಎರಡು ಬಿಳಿ ರಿಬ್ಬನ್. ಒಂದರಲ್ಲಿ 'ನಾಮ್ ಇನ್‌ಹೊ ಅವರ ಆತ್ಮಕ್ಕೆ ಶಾಂತಿ ಸಿಗಲಿ'. ಇನ್ನೊಂದರಲ್ಲಿ ಕಳಿಸಿದವರ ಹೆಸರು — 'ಮಕ್ಕಳನ್ನು ಉಳಿಸುವ ತಾಯಂದಿರು'. ಬದುಕಿರುವ ಮನುಷ್ಯನಿಗೆ! ಬೆಳಿಗ್ಗೆ ಎದ್ದು, ಮುಖ ತೊಳೆದು, ಬಸ್ಸು ಹಿಡಿದು ಕೆಲಸಕ್ಕೆ ಬಂದ ಮನುಷ್ಯನಿಗೆ ಸಾವಿನ ಹೂವು.

ನಾನು ಅತ್ತೆ, ಕೂಗಾಡಿದೆ, ಪೊಲೀಸರಿಗೆ ಫೋನು ಮಾಡಿದೆ. "ಹೂವು ಕಳಿಸೋದು ಅಪರಾಧ ಅಲ್ಲಮ್ಮ" ಅಂದರು. ಅಷ್ಟರಲ್ಲಿ ಹೊಂಗ್ ಯಜಮಾನರು ಲಾಂಡ್ರಿಯಿಂದ ಹೊರಗೆ ಬಂದು, ಹೂವು ನೋಡಿ, ಗಾಬರಿಯಾಗಿ, "ಯಾರು ಹೋಗಿದ್ದು ಇವತ್ತು?" ಅಂತ ಕೇಳಿದರು.

ಅಣ್ಣ ರಿಬ್ಬನ್ ಓದಿ, "ನಾನೇ ಯಜಮಾನ್ರೇ. ಆದ್ರೂ ಸಂಜೆ ಬಂದು ಪ್ಯಾಂಟು ತಗೊಂಡು ಹೋಗ್ತೀನಿ, ಇಸ್ತ್ರಿ ಮಾಡಿಟ್ಟಿರಿ" ಅಂದರು.

ಅಲ್ಲಿಂದ ಅದು ಶುರುವಾಯಿತು. ಏಳು ವರ್ಷದಲ್ಲಿ ಐವತ್ತೆಂಟು ಪುಷ್ಪಚಕ್ರಗಳು. ಪ್ರತಿ ಸಲವೂ ಹೊಂಗ್ ಯಜಮಾನರ ಅದೇ ಪ್ರಶ್ನೆ — "ಯಾರು ಹೋಗಿದ್ದು ಇವತ್ತು?" — ಪ್ರತಿ ಸಲವೂ ಅಣ್ಣನ ಅದೇ ಉತ್ತರ. ಅದು ಅವರಿಬ್ಬರ ನಡುವಿನ ನಮಸ್ಕಾರ ಆಗಿಹೋಗಿತ್ತು. ಹೊಂಗ್ ಯಜಮಾನರು ಇಲ್ಲೇ ಇದ್ದಾರೆ. ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುವವರು. ಒಂದು ದಿನ ನನಗೆ ನೇರವಾಗಿಯೇ ಹೇಳಿದ್ದರು, "ನೋಡಮ್ಮ, ನಿಮ್ಮ ಕೆಲಸ ನನಗೆ ಸರಿ ಕಾಣಲ್ಲ. ಆದ್ರೆ ಬದುಕಿರೋನಿಗೆ ಸಾವಿನ ಹೂವು ಕಳಿಸೋದು ಮನುಷ್ಯರು ಮಾಡೋ ಕೆಲಸ ಅಲ್ಲ." ಅಷ್ಟು ಮಾತು ಈ ಊರಿನ ಎಷ್ಟು ದೊಡ್ಡ ಮನುಷ್ಯರ ಬಾಯಲ್ಲಿ ಬಂತು? ಹೇಳಿ. ಯಾರ ಬಾಯಲ್ಲೂ ಬರಲಿಲ್ಲ.

ಆ ಹೂವುಗಳಿಗೆ ಅಣ್ಣ ಎರಡು ಕೆಲಸ ಮಾಡುತ್ತಿದ್ದರು.

ಮೊದಲನೆಯದು ಫೋಟೋ. ಪುಷ್ಪಚಕ್ರ ತಂದವನು ಅದನ್ನು ನಿಲ್ಲಿಸಿ, ಒಂದು ಫೋಟೋ ತೆಗೆದು, ಆರ್ಡರ್ ಕೊಟ್ಟವರ ಫೋನಿಗೆ ಕಳಿಸಬೇಕು — ಹೂವು ತಲುಪಿತು ಅನ್ನುವುದಕ್ಕೆ. ಅಣ್ಣ ಮೆಟ್ಟಿಲಿಳಿದು ಓಡಿ ಹೋಗಿ ಪುಷ್ಪಚಕ್ರದ ಪಕ್ಕ ನಿಲ್ಲುತ್ತಿದ್ದರು. ಹೆಬ್ಬೆರಳು, ತೋರುಬೆರಳು ಸೇರಿಸಿ, ಹೀಗೆ ಪುಟ್ಟ ಹೃದಯ ಮಾಡಿ, ಕಿವಿಯವರೆಗೆ ನಗು. "ಕಳಿಸಿದವರು ನೋಡ್ಲಿ, ಪಾಪ, ಅಷ್ಟು ಖರ್ಚು ಮಾಡಿದ್ದಾರೆ" ಅನ್ನುತ್ತಿದ್ದರು. ಅವರಿಲ್ಲದ ದಿನ ನಾನು ನಿಲ್ಲುತ್ತಿದ್ದೆ. ಅದು ನಮ್ಮ ಆಫೀಸಿನ ಪದ್ಧತಿಯೇ ಆಯಿತು. ನೀವು ಎಷ್ಟು ಹೇಸಿಗೆ ಕಳಿಸಿದರೂ ನಮ್ಮಿಂದ ನಿಮಗೆ ಸಿಗುವುದು ನಗು ಮಾತ್ರ, ಅಂತ.

ಏಳು ವರ್ಷದಲ್ಲಿ ಒಂದೇ ಒಂದು ಸಲ ಅಣ್ಣ ನಗಲಿಲ್ಲ. ಎರಡು ವರ್ಷದ ಹಿಂದೆ, ವಸಂತದಲ್ಲಿ. ಪಕ್ಕದಲ್ಲಿ ಹೋಗಿ ನಿಂತರು. ರಿಬ್ಬನ್ ಓದಿದರು. ಕೈ ಕೆಳಗೆ ಬಿಟ್ಟು ನೆಟ್ಟಗೆ, ಸುಮ್ಮನೆ ನಿಂತುಬಿಟ್ಟರು. ಫೋಟೋ ಹಾಗೆಯೇ ಹೋಯಿತು. ನಾನು, "ಏನಣ್ಣ, ಹಲ್ಲು ನೋವಾ?" ಅಂತ ಕೀಟಲೆ ಮಾಡಿದೆ. "ಹೂಂ" ಅಂದರು. ಅಷ್ಟೇ. ಅದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಎರಡನೆಯದು ರಿಬ್ಬನ್. ಹೂವನ್ನು ಬಿಡಿಸಿ, ಸತ್ತರೆ ನಮ್ಮವರು ಅನ್ನುವವರಿಲ್ಲದವರ ಅಂತ್ಯಕ್ರಿಯೆ ಮಾಡುವ ಒಂದು ಗುಂಪಿಗೆ ಕೊಡುತ್ತಿದ್ದರು. ರಿಬ್ಬನ್ ಇಟ್ಟುಕೊಳ್ಳುತ್ತಿದ್ದರು. ಮುಂದೆ ಬೈಗುಳ, ಹಿಂದೆ ಖಾಲಿ ಬಿಳಿ ಬಟ್ಟೆ. ಆ ಖಾಲಿ ಬೆನ್ನ ಮೇಲೆ ಕುಂಚದಲ್ಲಿ ಒಂದು ಹೆಸರು ಬರೆಯುತ್ತಿದ್ದರು. ಸತ್ತವರ ಹೆಸರು. ಜಗತ್ತಿನಲ್ಲಿ ಎಲ್ಲಿಯೋ, ಪ್ರೀತಿಸಿದ್ದಕ್ಕೆ ಸತ್ತವರ ಹೆಸರು, ನಮಗೆ ಬಂದ ಪತ್ರಗಳಿಂದ.

ಈ ಸಭಾಂಗಣದ ಸುತ್ತ ನೇತು ಹಾಕಿದ್ದೇವೆ ನೋಡಿ. ನೂರ ಹದಿನಾರು ರಿಬ್ಬನ್‌ಗಳು. ಅಕ್ಷರ ಚೆನ್ನಾಗಿಲ್ಲ, ಅಣ್ಣನ ಅಕ್ಷರ ಕೋಳಿ ಕೆದರಿದ ಹಾಗೆ. ಆ ಕಿಟಕಿಯ ಪಕ್ಕದ್ದು — ನಮ್ಮ ದರ್ಜಿಯ ಗೆಳೆಯ, ಕಂಪಾಲಾದಲ್ಲಿ ನೆರೆಮನೆಯವರೇ ಹೊಡೆದು ಕೊಂದರು. ಅದರ ಪಕ್ಕ ಬ್ರೆಜಿಲ್‌ನ ಒಬ್ಬಳು, ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದವಳು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಿದ್ದಕ್ಕೆ ನಡುಹಗಲಿನಲ್ಲಿ ಗುಂಡು ಹೊಡೆದರು. ಅಲ್ಲಿ ಎರಡು ಜೋಡಿಯಾಗಿ ಇವೆಯಲ್ಲ, ಅವು ಭಾರತದ ಇಬ್ಬರು ಹುಡುಗಿಯರು, ದುಪಟ್ಟಾದಿಂದ ಕೈಗೆ ಕೈ ಕಟ್ಟಿಕೊಂಡು ಬಾವಿಗೆ ಹಾರಿದವರು. ಬಾಗಿಲ ಮೇಲಿನದು ನಮ್ಮದೇ ದೇಶದ ಸಿಪಾಯಿ. ಹೆಸರಿನ ಕೆಳಗೆ ವಯಸ್ಸು ಬರೆದಿದ್ದಾರೆ, ಇಪ್ಪತ್ತೊಂದು. ತಿರುಗಿಸಿ ನೋಡಿದರೆ ಮುಂದೆ ಏನಿದೆ ಗೊತ್ತಾ? 'ಆರೋಗ್ಯಕರ ಸಮಾಜಕ್ಕಾಗಿ.' ಥೂ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ.

ಸುಗ್ಗಿಯ ಚುಸೊಕ್ ಹಬ್ಬಕ್ಕೆ ಅಣ್ಣ ಊರಿಗೆ ಹೋದರು. ಊರಿನ ಹೆಸರು ಹೇಳುವುದಿಲ್ಲ. ಅಮ್ಮ ಅಲ್ಲಿ ಇನ್ನೂ ಅಂಗಡಿ ಇಡಬೇಕು. ಮಾರುಕಟ್ಟೆಯಲ್ಲಿ ಅವರದು ಕಿಮ್ಚಿ — ಖಾರ ಹಚ್ಚಿ ಹುಳಿ ಬರಿಸಿದ ತರಕಾರಿ — ಮತ್ತು ಪಲ್ಯಗಳ ಅಂಗಡಿ. ಪ್ರತಿ ತಿಂಗಳು ನಮ್ಮ ಆಫೀಸಿಗೆ ಅಲ್ಲಿಂದ ಒಂದು ಡಬ್ಬಿ ಬರುತ್ತಿತ್ತು, ಮೂಲಂಗಿ ಕಿಮ್ಚಿ. ಅಣ್ಣ ಮನೆಯಲ್ಲಿ ಹೇಳಿದ್ದು 'ಅನುವಾದ ಮಾಡುವ ಕಂಪನಿ' ಅಂತ. ನಾವೆಲ್ಲ ಹನ್ನೊಂದು ವರ್ಷ ಅಮ್ಮನ ಕೈ ಅಡುಗೆ ತಿಂದೆವು. ಅಮ್ಮನಿಗೆ ನಮ್ಮ ವಿಳಾಸ ಗೊತ್ತಿತ್ತು, ನಮ್ಮ ಮುಖ ಗೊತ್ತಿರಲಿಲ್ಲ.

ಹಬ್ಬದ ಮರುದಿನ ಅಣ್ಣ ಅಪ್ಪನ ಮನೆಯಲ್ಲೇ ಕುಸಿದುಬಿದ್ದರು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆಗೆ ತಲುಪುವ ಮೊದಲೇ ಹೋದರು. ನಲವತ್ತೇಳು ವಯಸ್ಸು.

ನಮಗೆ ಯಾರೂ ಹೇಳಲಿಲ್ಲ. ಜುನ್ಯೊಲ್ ಅಣ್ಣನಿಗೂ ಯಾರೂ ಹೇಳಲಿಲ್ಲ. ಅಣ್ಣನ ಫೋನನ್ನು ಅವರ ಒಡಹುಟ್ಟಿದ ಅಣ್ಣ ತೆಗೆದುಕೊಂಡು ಆರಿಸಿ ಜೇಬಿಗೆ ಹಾಕಿಕೊಂಡರು. ಊರಿನಲ್ಲಿ ಇನ್‌ಹೊ ಅಣ್ಣ ಹೇಗೂ ಫೋನು ಆರಿಸಿಯೇ ಇಡುತ್ತಿದ್ದರು, ಆದ್ದರಿಂದ ಇಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಜುನ್ಯೊಲ್ ಅಣ್ಣ ಹಬ್ಬದ ದಿನಗಳಲ್ಲೂ ಸಿಟಿ ಬಸ್ಸು ಓಡಿಸುತ್ತಿದ್ದರು. ಗಂಡ ಸತ್ತು ಮಲಗಿದ್ದಾನೆ, ಇವರು ಇಲ್ಲಿ ಒಂದೊಂದು ಸ್ಟಾಪಿನಲ್ಲೂ ಬಾಗಿಲು ತೆಗೆದು ಜನರನ್ನು ಹತ್ತಿಸಿಕೊಳ್ಳುತ್ತಿದ್ದಾರೆ.

ಗಂಡ ಅಂದೆ. ಹೌದು, ಅದೇ ಮಾತು. ಯಾರಿಗಾದರೂ ಕಿವಿಗೆ ಕಷ್ಟವಾದರೆ ಆಗಲಿ.

ಮೂರನೇ ದಿನ. ರಜೆ ಮುಗಿದು ನಾನು ಆಫೀಸಿನ ಬಾಗಿಲು ತೆಗೆದೆ. ಅಣ್ಣ ಬಂದಿರಲಿಲ್ಲ, ದಾರಿಯಲ್ಲಿ ವಾಹನ ಜಾಸ್ತಿ ಇರಬೇಕು ಅಂದುಕೊಂಡೆ. ಒಂಬತ್ತೂವರೆಗೆ ಕೆಳಗಿನಿಂದ ಕೂಗು ಬಂತು. ಇಳಿದು ಹೋದರೆ ಪುಷ್ಪಚಕ್ರ. ಮೂರು ಅಂತಸ್ತು, ಬಿಳಿ ಸೇವಂತಿಗೆ. ಒಂದು ರಿಬ್ಬನ್‌ನಲ್ಲಿ 'ನಾಮ್ ಇನ್‌ಹೊ ಅವರ ಆತ್ಮಕ್ಕೆ ಶಾಂತಿ ಸಿಗಲಿ.' ಇನ್ನೊಂದರಲ್ಲಿ ಎರಡೇ ಮಾತು — 'ಇನ್‌ಹೊನ ಅಮ್ಮ.'

ನನಗೆ ತಲೆ ಕೆಟ್ಟುಹೋಯಿತು. ಇಷ್ಟು ದಿನ 'ತಾಯಂದಿರು', 'ಪೋಷಕರು' ಅಂತೆಲ್ಲ ಬರೆಯುತ್ತಿದ್ದರು. ಈಗ ಅಣ್ಣನ ಹೆತ್ತ ತಾಯಿಯನ್ನೇ ಎಳೆದು ತಂದರಲ್ಲ ಅಂದುಕೊಂಡೆ. ಇಷ್ಟು ಕೆಳಗೆ ಯಾವ ಮನುಷ್ಯ ಇಳಿಯುತ್ತಾನೆ? ಹೊಂಗ್ ಯಜಮಾನರು ಬಾಗಿಲಲ್ಲಿ ನಿಂತು, "ಯಾರು ಹೋಗಿದ್ದು ಇವತ್ತು?" ಅಂದರು. ಪ್ರತಿ ಸಲ ಕೇಳುವ ಹಾಗೆ.

"ಇನ್ಯಾರು, ಇನ್‌ಹೊ ಅಣ್ಣನೇ" ಅಂದೆ ನಾನು. ಪ್ರತಿ ಸಲ ಹೇಳುವ ಹಾಗೆ.

ಹೂವು ತಂದವನು ಫೋನು ಎತ್ತಿದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಬೆರಳಲ್ಲಿ ಹೃದಯ ಮಾಡಿದೆ. ಬೇಕೆಂದೇ, ಎಲ್ಲ ಹಲ್ಲೂ ಕಾಣುವ ಹಾಗೆ ನಕ್ಕೆ. ಅವನು ಫೋಟೋ ತೆಗೆದು, ನನ್ನ ನಂಬರು ಬರೆಸಿಕೊಂಡು, ಸಹಿ ಹಾಕಿಸಿಕೊಂಡು ಹೋದ. ಆಮೇಲೆ ನಾನು ಆ ರಿಬ್ಬನ್‌ಗಳನ್ನು ಕಿತ್ತು ಕಸದ ಡಬ್ಬಿಗೆ ಎಸೆದೆ. 'ಅಮ್ಮ' ಅಂತ ಬರೆದಿದ್ದರ ಬೆನ್ನ ಮೇಲೆ ಹೆಸರು ಬರೆಯುವುದಕ್ಕೂ ನನಗೆ ಅಸಹ್ಯವಾಯಿತು. ಪುಷ್ಪಚಕ್ರವನ್ನು ಒದ್ದೆ. ಈ ಕಾಲಿನಿಂದ. ಅದು ಮಗುಚಿ ಬಿತ್ತು, ಹೂವೆಲ್ಲ ಗಲ್ಲಿಯ ತುಂಬ ಚೆಲ್ಲಿತು.

ಮಧ್ಯಾಹ್ನ ಫೋನು ಬಂತು. ಗುರುತಿಲ್ಲದ ಹೆಂಗಸಿನ ದನಿ.

"ಏನ್ರೀ, ನೀವೇನು ಮನುಷ್ಯರಾ? ನಾನು ಹೂವಿನ ಅಂಗಡಿಯವಳು ಮಾತಾಡ್ತಿರೋದು. ಬೆಳಿಗ್ಗೆ ಮಗನ್ನ ಸುಟ್ಟು ಬಂದು ಇಲ್ಲಿ ನನ್ನ ಅಂಗಡಿ ಕಟ್ಟೆ ಮೇಲೆ ಕೂತಿದ್ದಾರೆ ನಿಮ್ಮ ಇನ್‌ಹೊನ ಅಮ್ಮ. ಫೋಟೋ ನೋಡ್ತಾ ಇದ್ದಾರೆ. ಸತ್ತವನ ಹೂವಿನ ಪಕ್ಕ ನಿಂತು ಹಲ್ಲು ಕಿರೀತೀರಲ್ರೀ, ನಿಮಗೆ ನಾಚಿಕೆ ಬೇಡ್ವಾ?"



ಅಮ್ಮನ ಹತ್ತಿರ ನಮ್ಮ ಫೋನು ನಂಬರು ಇರಲಿಲ್ಲ. ಕಿಮ್ಚಿ ಡಬ್ಬಿಯ ಮೇಲೆ ಬರೆಯುತ್ತಿದ್ದ ವಿಳಾಸ ಒಂದೇ ಇದ್ದದ್ದು. ಸಾವಿನ ಮನೆಯಲ್ಲಿ ಗಂಡ, ದೊಡ್ಡ ಮಗ ಅವನ ಆಫೀಸಿನವರಿಗೆ ತಿಳಿಸಬೇಡ ಅಂದಿದ್ದರು. ಮಗನ ಜೊತೆ ಕೆಲಸ ಮಾಡಿದವರಿಗೆ ಮಗ ಸತ್ತ ಸುದ್ದಿ ಗೊತ್ತಾಗಬೇಕು — ಅದಕ್ಕೆ ಅವರಿಗೆ ತೋಚಿದ್ದು ಇದೊಂದೇ ದಾರಿ. ಆ ಸುದ್ದಿಯನ್ನು ನಾನು ಕಾಲಿನಿಂದ ಒದ್ದೆ.

ಜುನ್ಯೊಲ್ ಅಣ್ಣನಿಗೆ ಹೇಳಿದವಳು ನಾನೇ. ಬಸ್ ಡಿಪೋಗೆ ಹೋಗಿ ಹೇಳಿದೆ. ಅವತ್ತು ಸಂಜೆಯೇ ಇಬ್ಬರೂ ಆ ಊರಿಗೆ ಹೋದೆವು. ಅಸ್ಥಿ ಇಟ್ಟ ಕಟ್ಟಡದ ಬಾಗಿಲಲ್ಲಿ ಇನ್‌ಹೊ ಅವರ ಒಡಹುಟ್ಟಿದ ಅಣ್ಣ ನಿಂತಿದ್ದರು. ಕಪ್ಪು ಸೂಟು, ತೋಳಿಗೆ ಕರ್ಮ ಮಾಡುವವರ ಪಟ್ಟಿ.

"ನೀವು ಯಾರು?"

ಜುನ್ಯೊಲ್ ಅಣ್ಣ "ಗೆಳೆಯ" ಅಂದರು.

"ಗೆಳೆಯರೆಲ್ಲ ನಿನ್ನೆನೇ ಬಂದು ಹೋದ್ರಲ್ಲ" ಅಂದರು ಅವರು. ಬಾಗಿಲು ಬಿಡಲಿಲ್ಲ.

ಹದಿನಾರು ವರ್ಷ. ಜ್ವರ ಬಂದರೆ ಗಂಜಿ ಕಾಯಿಸಿ ಕೊಟ್ಟವರು, ಸಾಕ್ಸಿನ ಜೋಡಿ ಹುಡುಕಿ ಕೊಟ್ಟವರು, ಪ್ರತಿ ಚಳಿಗಾಲ ಇಬ್ಬರೂ ಕೂತು ನೂರು ಎಲೆಕೋಸಿನ ಕಿಮ್ಚಿ ಹಾಕಿದವರು. ಅವರ ಪಾಲಿಗೆ ಸಿಕ್ಕಿದ್ದು 'ನಿನ್ನೆನೇ ಬಂದು ಹೋದ್ರಲ್ಲ'. ದೂರದ ದೇಶಗಳಲ್ಲಿ ಕಲ್ಲು ಹೊಡೆಯುತ್ತಾರೆ, ಜೈಲಿಗೆ ಹಾಕುತ್ತಾರೆ ಅಂತ ನಾವು ಅರ್ಜಿ ಬರೆಯುತ್ತೇವೆ. ನಮ್ಮಲ್ಲಿ ಹೂವು ಕಳಿಸುತ್ತಾರೆ, ಬಾಗಿಲಲ್ಲಿ ನಿಂತು ಮರ್ಯಾದೆಯಿಂದ ಮಾತಾಡುತ್ತಾರೆ. ನನಗೆ ಎರಡರ ವಾಸನೆಯೂ ಒಂದೇ.

ಹನ್ನೆರಡು ದಿನ ಬಿಟ್ಟು ಅಮ್ಮ ನಮ್ಮ ಆಫೀಸಿಗೆ ಬಂದರು. ಒಬ್ಬರೇ. ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ, ಕೈಯಲ್ಲಿ ಕಿಮ್ಚಿ ಡಬ್ಬಿ. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು, ಅದರ ಪಕ್ಕ ತಮ್ಮ ಫೋನು ಇಟ್ಟರು. ಫೋನಿನಲ್ಲಿ ಆ ಫೋಟೋ.

"ಇದು ನೀನೇ ತಾನೇ?"

"ಹೌದಮ್ಮ."

"ಯಾಕೆ ನಕ್ಕೆ? ಮೂರು ದಿನ ನಾನು ನಿನ್ನ ವಂಶನೆಲ್ಲ ಸೇರಿಸಿ ಶಾಪ ಹಾಕಿದ್ದೀನಿ. ಆಮೇಲೆ ಅನ್ನಿಸ್ತು, ನನ್ನ ಮಗ ಅಂಥೋರ ಜೊತೆ ಹನ್ನೊಂದು ವರ್ಷ ಊಟ ಮಾಡಿರಲ್ಲ ಅಂತ. ಅದಕ್ಕೇ ಕೇಳೋಕೆ ಬಂದೆ. ಹೇಳು."

ನಾನು ನೆಲಕ್ಕೆ ಮಂಡಿಯೂರಿ ಹೇಳಿದೆ. ಇದು ಐವತ್ತೊಂಬತ್ತನೆಯದು ಅಮ್ಮ, ಇದಕ್ಕೂ ಮೊದಲು ಐವತ್ತೆಂಟು ಬಂದಿವೆ, ನಿಮ್ಮದೂ ಅಂಥದ್ದೇ ಅಂದುಕೊಂಡೆ, ಅಂತ. ಅವರಿಗೆ ಮೊದಲು ಅರ್ಥವೇ ಆಗಲಿಲ್ಲ.

"ಐವತ್ತೆಂಟಾ? ಯಾರಿಗೆ?"

"ಇನ್‌ಹೊ ಅಣ್ಣನಿಗೆ."

"ಅವನು ಬದುಕಿರೋವಾಗ್ಲೇನಾ?"

ಆ ಪ್ರಶ್ನೆಯನ್ನು ನಾನು ಸಾಯುವವರೆಗೆ ಮರೆಯಲಾರೆ. ಏಳು ವರ್ಷದಲ್ಲಿ ನಮಗೇ ಅದು ರೂಢಿಯಾಗಿಹೋಗಿತ್ತು, ನಾವು ಅದರ ಮೇಲೆ ತಮಾಷೆ ಕಟ್ಟಿಕೊಂಡಿದ್ದೆವು. ಅಮ್ಮ ಕೇಳಿದಾಗ ಅದು ಮತ್ತೆ ಮೊದಲ ದಿನದ ಹಾಗೆಯೇ ಕಂಡಿತು.

ಅವರು ರಿಬ್ಬನ್‌ಗಳನ್ನೆಲ್ಲ ತೋರಿಸು ಅಂದರು. ತಂದು ಹರಡಿದೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಎತ್ತಿ, ಮುಂದಿನದನ್ನು ಓದಿ, ತಿರುಗಿಸಿ ಬೆನ್ನಿನ ಹೆಸರು ಓದಿ, ಪಕ್ಕಕ್ಕೆ ಇಡುತ್ತಾ ಹೋದರು. ನೂರ ಹದಿನೈದರ ಬೆನ್ನಿನಲ್ಲಿ ಹೆಸರಿತ್ತು. ಒಂದೇ ಒಂದು ಖಾಲಿ. ಅದನ್ನು ಅಣ್ಣ ಬೇರೆಯವುಗಳ ಜೊತೆ ಇಟ್ಟಿರಲಿಲ್ಲ. ಸುರುಳಿ ಸುತ್ತಿ ತಮ್ಮ ಮೇಜಿನ ಒಳಖಾನೆಯಲ್ಲಿ ಇಟ್ಟಿದ್ದರು, ಅವರು ಹೋದ ಮೇಲೆ ನನಗೆ ಸಿಕ್ಕಿದ್ದು. ಯಾಕೆ ಖಾಲಿ ಬಿಟ್ಟರು ಅಂತ ನನಗೆ ಗೊತ್ತಿರಲಿಲ್ಲ.

ಅಮ್ಮ ಅದರ ಮುಂದಿನದನ್ನು ಓದಿದರು. ಅವರ ಊರಿನ ಹೆಸರು, ಅದರ ಮುಂದೆ 'ಹಿರಿಯರ ಪ್ರಾರ್ಥನಾ ಕೂಟ'. ಎರಡು ಸಲ ಓದಿದರು. ಕನ್ನಡಕ ತೆಗೆದರು.

"ಇದು ನಮ್ಮನೆಯವರ ಕೂಟ" ಅಂದರು. "ಎರಡು ವರ್ಷದ ಹಿಂದೆ, ವಸಂತದಲ್ಲಿ, ನನ್ನ ಕೈಗೆ ಒಂದು ಮಡಿಸಿದ ಚೀಟಿ ಕೊಟ್ಟರು. ಹೂವಿನ ಅಂಗಡಿಗೆ ಕೊಟ್ಟುಬಿಡು, ಯಾರೋ ಹೋಗಿದ್ದಾರೆ ಅಂದರು. ನಾನು ಬಿಚ್ಚಿ ಓದಲಿಲ್ಲ. ಪಕ್ಕದ ಅಂಗಡಿ ತಾನೇ, ಹೋಗಿ ಕೊಟ್ಟು ಬಂದೆ. ಯಾರು ಹೋಗಿದ್ದು ಅಂತ ಕೇಳಲೂ ಇಲ್ಲ, ಕಣೇ."

ನನಗೆ ಫೋನಿನಲ್ಲಿ ಬೈದ ಆ ಹೂವಿನಂಗಡಿಯವಳು ಅದನ್ನೂ ಅಚ್ಚು ಹಾಕಿದ್ದಳು. ಆಮೇಲೆ ಕೇಳಿದ್ದಕ್ಕೆ, "ಬರೆಸಿದ್ದನ್ನ ಬರೀತೀನಿ ರೀ, ನಾನೇನು ಓದ್ತೀನಾ" ಅಂದಳು. ಎಷ್ಟು ಜನ ನೋಡಿ! ಬರೆಸಿದವರು, ಬರೆದವರು, ಹೊತ್ತು ತಂದವರು, ಅಪರಾಧ ಅಲ್ಲ ಅಂದವರು. ಯಾರೂ ಓದಿಲ್ಲ. ಓದಿದವನು ಒಬ್ಬನೇ.

ಅವತ್ತೇ ಅಣ್ಣ ನಗದೆ ನಿಂತದ್ದು. ಹಲ್ಲು ನೋವಾ ಅಂತ ನಾನು ಕೀಟಲೆ ಮಾಡಿದ್ದು ಅವತ್ತೇ. ಚೀಟಿಯಲ್ಲಿ ಇದ್ದ ನಂಬರು ಹೂವಿನಂಗಡಿಯವಳ ಪುಸ್ತಕದಲ್ಲಿ ಈಗಲೂ ಇದೆ, ಅವರ ಅಪ್ಪನದು. ಫೋಟೋ ಹೋಗಿದ್ದು ಅಪ್ಪನ ಫೋನಿಗೆ. ತನ್ನ ಕೂಟದವರು ಕಳಿಸಿದ ಸಾವಿನ ಹೂವಿನ ಪಕ್ಕದಲ್ಲಿ ತನ್ನ ಮಗ ಕೈ ಕೆಳಗೆ ಬಿಟ್ಟು, ನೆಟ್ಟಗೆ, ಕಣ್ಣಿಗೆ ಕಣ್ಣಿಟ್ಟು ನಿಂತಿರುವ ಫೋಟೋ. ಆ ಸಲದ ರಿಬ್ಬನ್‌ನಲ್ಲಿ ಅಣ್ಣನ ಹೆಸರಿರಲಿಲ್ಲ, ಆಫೀಸಿನ ಹೆಸರಷ್ಟೇ ಇತ್ತು; ಕಳಿಸುವಾಗ ಅದು ಮಗನ ಆಫೀಸು ಅಂತ ಆ ಮನುಷ್ಯನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಅವರ ಪರವಾಗಿ ಒಂದು ಮಾತು ಹೇಳಬೇಕೆಂದರೆ ಇಷ್ಟೇ ಹೇಳಬಲ್ಲೆ. ಫೋಟೋ ಬಂದ ಮೇಲಂತೂ ಗೊತ್ತಾಯಿತು. ಆಮೇಲೆ ಮೂರು ಚುಸೊಕ್ ಬಂದವು. ಮೂರು ಸಲವೂ ಅಪ್ಪ ಮಗ ಎದುರುಬದುರು ಕೂತು ಊಟ ಮಾಡಿದರು. ಒಂದು ಮಾತು ಬರಲಿಲ್ಲ. ಇವರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನಗೆ ಹೇಸಿಗೆ ಆಗುವುದು ಇದಕ್ಕೆ. ಬೈಗುಳಕ್ಕಿಂತ ಹೆಚ್ಚಾಗಿ ಇದಕ್ಕೆ.

ಅಮ್ಮ ಅದೊಂದನ್ನು ಮಾತ್ರ ತಮ್ಮ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಅವನ ಕುಂಚ ಎಲ್ಲಿದೆ?" ಅಂದರು. ಕೊಟ್ಟೆ. ಆ ಖಾಲಿ ರಿಬ್ಬನ್ ಅನ್ನು ಮಗುಚಿ, ಅಂಗೈಯಿಂದ ಒತ್ತಿ ನೇರ ಮಾಡಿ, ಅದರ ಬೆನ್ನ ಮೇಲೆ ಬರೆದರು. ಮಗನ ಅಕ್ಷರಕ್ಕಿಂತ ಕೆಟ್ಟ ಅಕ್ಷರ. ಅದೇ, ನನ್ನ ಹಿಂದೆ ನಡುಮಧ್ಯದಲ್ಲಿ ತೂಗುತ್ತಿರುವುದು. ಹಿಂದಿನವರಿಗೆ ಕಾಣದಿದ್ದರೆ ನಾನೇ ಓದುತ್ತೇನೆ.

'ನಾಮ್ ಇನ್‌ಹೊ. ಸೊ ಮಲ್‌ಸುನ್‌ಳ ಮಗ. ಬೇ ಜುನ್ಯೊಲ್‌ನ ಮನೆಯವನು.'

ಅದರ ಕೆಳಗೆ ನಿಂತಿರುವ ಪುಷ್ಪಚಕ್ರ ಇವತ್ತು ಬೆಳಿಗ್ಗೆ ಬಂದದ್ದು. ಹೂವು ಹೊಸದು, ರಿಬ್ಬನ್ ಹಳೆಯದು. 'ಇನ್‌ಹೊನ ಅಮ್ಮ.' ನಾನು ಕಸಕ್ಕೆ ಎಸೆದದ್ದನ್ನು ಹೊಂಗ್ ಯಜಮಾನರು ಅವತ್ತೇ ಎತ್ತಿಕೊಂಡು, ಒಗೆದು, ಇಸ್ತ್ರಿ ಮಾಡಿ ಇಟ್ಟಿದ್ದರು. ಯಾಕೆ ಎತ್ತಿಕೊಂಡಿರಿ ಅಂದರೆ, "ಅಮ್ಮ ಅಂತ ಬರೆದಿರೋದು ಕಸದಲ್ಲಿ ಬಿದ್ದಿತ್ತು, ನೋಡೋಕೆ ಆಗ್ಲಿಲ್ಲ" ಅಂದರು. ಅವರಿಗೆ ನನ್ನ ನಮಸ್ಕಾರ.

ಅಮ್ಮ, ನಿಮ್ಮ ಎದುರಿಗೆ ಇನ್ನೊಮ್ಮೆ ಹೇಳುತ್ತೇನೆ — ನಾನು ಮಾಡಿದ್ದು ತಪ್ಪು. ನೀವು ಕ್ಷಮಿಸಿದ್ದೀನಿ ಅಂತ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ. "ಮುಂದಿನ ತಿಂಗಳೂ ಡಬ್ಬಿ ಕಳಿಸ್ತೀನಿ, ಖಾಲಿ ಡಬ್ಬಿ ವಾಪಸ್ ಕಳಿಸು" ಅಂದಿರಿ. ಅಷ್ಟು ಸಾಕು ನನಗೆ.

ಇನ್ನು ಒಂದೇ ವಿಷಯ.

ಅಲ್ಲಿ ಬಾಗಿಲ ಹತ್ತಿರ ಒಬ್ಬರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾರಲ್ಲ, ಅವರು ಹೂವು ತಂದವರು. ಬೆಳಿಗ್ಗೆಯೇ ಫೋಟೋ ತೆಗೆದುಕೊಂಡು ಹೋಗಬಹುದಿತ್ತು. ಸಭೆ ಮುಗಿಯುವವರೆಗೆ ಇರಿ ಅಂತ ಅಮ್ಮ ಕೇಳಿಕೊಂಡಿದ್ದಾರೆ. ಫೋಟೋ ಆರ್ಡರ್ ಕೊಟ್ಟವರ ನಂಬರಿಗೆ ಹೋಗಬೇಕು. ಈ ಸಲ ಚೀಟಿಯನ್ನು ಅಮ್ಮನೇ ತುಂಬಿದ್ದಾರೆ. ಅದರಲ್ಲಿ ಬರೆದಿರುವುದು ತಮ್ಮ ನಂಬರಲ್ಲ. ಅವರ ಮನೆಯವರ, ಇನ್‌ಹೊ ಅಣ್ಣನ ಅಪ್ಪನ ನಂಬರು.

ಆದ್ದರಿಂದ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಕುರ್ಚಿ ಸರಿಸಿ ಈ ಪುಷ್ಪಚಕ್ರದ ಸುತ್ತ ಬನ್ನಿ. ಅಮ್ಮ ಈ ಕಡೆ, ಜುನ್ಯೊಲ್ ಅಣ್ಣ ಆ ಕಡೆ. ಹೊಂಗ್ ಯಜಮಾನರೇ, ನೀವೂ ಬನ್ನಿ, ಮುಜುಗರ ಬೇಡ. ಮುಖ ಕಾಣಿಸಿದರೆ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ ಅನ್ನುವವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ನೀವು ಬೆನ್ನು ತಿರುಗಿಸಿ ನಿಂತರೂ ಸಾಕು. ಈ ಗೋಡೆಯ ಮೇಲಿನ ಹೆಸರುಗಳೆಲ್ಲ ಬೆನ್ನ ಮೇಲೆಯೇ ಇವೆ.

ಒಂದು ನಿಮಿಷ ಮೌನ. ಇನ್‌ಹೊ ಅಣ್ಣನಿಗೆ, ಮತ್ತೆ ಅವರು ಬರೆದ ನೂರ ಹದಿನೈದು ಜನರಿಗೆ. ಯಾರೂ ಬೆರಳು ಎತ್ತಬೇಡಿ. ಈ ಸಲ ನಗಬೇಡಿ. ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಂತು, ಫೋಟೋ ನೋಡುವವರ ಕಣ್ಣಿಗೆ ಕಣ್ಣಿಟ್ಟು ನೋಡಿ — ಅವತ್ತು ಅವರು ನಿಂತ ಹಾಗೆ.